ಆ ಹೊತ್ತಿಗೆ ಕಾಲು ಎಲ್ಲಿತ್ತು

ಡ್ರೈವಿಂಗ್ ಮೇಷ್ಟ್ರು ನನ್ನ ಕಥೆ ಕ್ಲಾಸಿಗೆ ಸೇರಲು ಬಂದ ದಿನ, ಯಾರನ್ನೋ ಹುಡುಕಿಕೊಂಡು ಬಂದಿರಬೇಕೆಂದು ನಾನು ಅವರನ್ನು ಕೆಳಗೆ ಲೈಬ್ರರಿಯ ಪತ್ರಿಕೆ ಕೋಣೆಗೆ ಕಳಿಸಿಬಿಟ್ಟೆ. ನನ್ನ ತಪ್ಪೇನಿಲ್ಲ. ಊರವರು ಅವರಿಗಿಟ್ಟ ಅಡ್ಡಹೆಸರು ‘ಮೂರ್ಮಾತು ಮೇಷ್ಟ್ರು’. ಕ್ಲಚ್ಚು, ಗೇರು, ಬ್ರೇಕು ಎಂಬ ಮೂರು ಮಾತು ಬಿಟ್ಟರೆ ನಾಲ್ಕನೆಯದು ಅವರ ಬಾಯಿಂದ ಬೀಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಅವರ ಹತ್ತಿರ ಕಾರು ಕಲಿತ ನನ್ನ ತಂಗಿಗಂತೂ ಪಕ್ಕದ ಸೀಟಿನಲ್ಲಿ ಮನುಷ್ಯ ಕೂತಿದ್ದಾನೋ ಸ್ಟೆಪ್ನಿ ಇಟ್ಟಿದ್ದಾರೋ ಎಂದು ಆಗಾಗ ತಿರುಗಿ ನೋಡಬೇಕಾಗುತ್ತಿತ್ತಂತೆ. ಕಲಿಸುವ ಕಾರುಗಳಲ್ಲಿ ಪಕ್ಕದಲ್ಲಿ ಕೂತ ಗುರುವಿನ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಮೇಷ್ಟ್ರ ಕಾಲು ಅದರ ಮೇಲಿಂದ ಒಂದು ಕ್ಷಣವೂ ಕದಲುವುದಿಲ್ಲ, ಅಂಟು ಹಾಕಿ ಕೂರಿಸಿದ ಹಾಗಿರುತ್ತದೆ ಎಂದು ಅವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಈಗ ಆ ನಗು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಕೆಳಗೆ ಹೋದವರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಖಾಕಿ ಅಂಗಿ, ತೋಳಿನ ಕೊನೆಯಲ್ಲಿ ಹಳೆಯ ಗ್ರೀಸಿನ ಕಲೆ. ಕೂರಿ ಎಂದರೂ ಕೂರಲಿಲ್ಲ. ನಿಂತಲ್ಲೇ ಹೇಳಿದರು.

“ನನ್ನ ಹೆಂಡ್ತಿಗೆ ಒಂದು ವಿಷಯ ಹೇಳ್ಬೇಕು ಟೀಚರ್. ಎಷ್ಟೋ ವರ್ಷದಿಂದ ಹೇಳೋಕೆ ನೋಡ್ತಿದೀನಿ, ಆಗ್ತಿಲ್ಲ. ಆ ಮಾತು ಎತ್ತಿದ್ರೆ ಸಾಕು, ಎದ್ದು ಅಡುಗೆಮನೆಗೆ ಹೋಗ್ತಾಳೆ. ಎದ್ದು ಹೋಗದ ಹಾಗೆ ಹೇಳೋದು ಹೇಗೆ ಅಂತ ಕಲಿಸ್ತೀರಾ?”

ಬಹುಮಾನ ಬರಬೇಕು, ಪತ್ರಿಕೆಯಲ್ಲಿ ಹೆಸರು ಬರಬೇಕು, ಅತ್ತೆಯ ಬಣ್ಣ ಬಯಲು ಮಾಡಬೇಕು ಎಂದೆಲ್ಲ ಬಂದವರನ್ನು ನಾನು ಕಂಡಿದ್ದೆ. ಕೇಳುವವರು ಎದ್ದು ಹೋಗಬಾರದು ಎಂದು ಬಂದವರು ಇವರೊಬ್ಬರೇ. ವಿಷಯ ಏನು ಎಂದು ಕೇಳಿದೆ. ಅದನ್ನು ಹೇಳಲು ಬರುವ ಹಾಗಿದ್ದರೆ ಇಲ್ಲಿಗ್ಯಾಕೆ ಬರುತ್ತಿದ್ದೆ ಎಂದರು. ಬಾಗಿಲವರೆಗೆ ಹೋದವರು ತಿರುಗಿ, ಸ್ವಲ್ಪ ಬೇಗ ಕಲಿಸಿ, ಅವಳ ಕಣ್ಣು ಹೋಗುತ್ತಿದೆ ಎಂದರು. ಕಣ್ಣಿಗೂ ಕಥೆಗೂ ಏನು ಸಂಬಂಧವೆಂದು ನನಗಾಗ ತಲೆಬುಡ ತಿಳಿಯಲಿಲ್ಲ.

ಅವರ ಹೆಂಡತಿ ನನಗೆ ಗೊತ್ತಿದ್ದವರೇ. ಊರಿಗೆಲ್ಲ ‘ಕೈಹೊಲಿಗೆ ಅಕ್ಕ’. ಮಿಷಿನ್ ಮುಟ್ಟದೆ ಬರೀ ಸೂಜಿ ದಾರದಲ್ಲಿ ಇಡೀ ಬಟ್ಟೆ ಹೊಲಿಯುತ್ತಿದ್ದರು. ನಿವೃತ್ತಳಾಗಿ ತಂಗಿಯ ಮನೆಯಲ್ಲಿರಲು ಈ ಊರಿಗೆ ಬಂದ ಹೊಸತರಲ್ಲಿ ನಾನು ಒಂದು ರವಿಕೆ ಹೊಲಿಸಿಕೊಂಡಿದ್ದೆ. ಆ ಪುಟ್ಟ ಪುಟ್ಟ ಹೊಲಿಗೆ ನೋಡಿ, ಇದಪ್ಪಾ ಕಲೆ ಎಂದು ಕಂಡಕಂಡವರಿಗೆಲ್ಲ ತೋಳು ಚಾಚಿ ತೋರಿಸಿದ್ದೆ.

ನನ್ನ ಕ್ಲಾಸು ನಡೆಯುವುದು ಲೈಬ್ರರಿಯ ಮೇಲಿನ ಕೋಣೆಯಲ್ಲಿ, ಭಾನುವಾರ ಬೆಳಿಗ್ಗೆ. ಉದ್ದನೆಯ ಮೇಜು, ಕಿರುಗುಡುವ ಫ್ಯಾನು, ರಸ್ತೆಗೆ ತೆರೆದ ಎರಡು ಕಿಟಕಿ. ಸ್ಕೂಲಿನಲ್ಲಿ ಮೂಗಿನ ತುದಿಯಲ್ಲೇ ಇದ್ದ ಕೋಪ ನಿವೃತ್ತಿಯ ನಂತರವೂ ಅಲ್ಲೇ ಇದೆ. ‘ಅದೊಂದು ಸುಂದರ ಸಂಜೆ’ ಎಂದು ಶುರು ಮಾಡಿದವರಿಗೆ ಸಂಜೆಯನ್ನು ಹೊರಗೆ ಬಿಟ್ಟು ಒಳಗೆ ಬನ್ನಿ ಎನ್ನುತ್ತೇನೆ. ಮೊದಲು ಯಾರಿಗೆ ಹೇಳುತ್ತಿದ್ದೀರಿ ಗೊತ್ತು ಮಾಡಿಕೊಳ್ಳಿ, ಊರಿಗೆಲ್ಲ ಹೇಳಲು ಹೋಗಬೇಡಿ, ಒಬ್ಬರನ್ನು ಎದುರಿಗೆ ಕೂರಿಸಿಕೊಳ್ಳಿ ಎನ್ನುತ್ತೇನೆ. ನಿಮ್ಮ ಕಣ್ಣಿಗೆ ಕಟ್ಟದಿದ್ದರೆ ಬೇರೆಯವರ ಕಣ್ಣಿಂದ ನೋಡಿ ಎನ್ನುತ್ತೇನೆ. ಮತ್ತೆ ನನ್ನದೊಂದು ಹಟವಿದೆ. ಯಾರಾದರೂ ‘ಅವನಿಗೆ ತುಂಬಾ ದುಃಖವಾಯಿತು’ ಎಂದು ಓದಿದರೆ, ಆ ಹೊತ್ತಿಗೆ ಅವನ ಕೈ ಎಲ್ಲಿತ್ತು, ಕಾಲು ಎಲ್ಲಿತ್ತು ಎಂದು ಕೇಳುತ್ತೇನೆ. ಅದು ಗೊತ್ತಿಲ್ಲದಿದ್ದರೆ ದುಃಖವೂ ನಿಮಗೆ ಗೊತ್ತಿಲ್ಲ, ಕೂತುಕೊಳ್ಳಿ ಎನ್ನುತ್ತೇನೆ. ಕೈಕಾಲು ಟೀಚರ್ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆಂಬುದೂ ನನಗೆ ಗೊತ್ತು.

ಮೇಷ್ಟ್ರು ಮೊದಲ ಎರಡು ವಾರ ತುಟಿಪಿಟಕ್ಕೆನ್ನದೆ ಕೂತಿದ್ದರು. ಮೂರನೆಯ ವಾರ ಎದ್ದು ನಿಂತು, ಒಂದು ಅಪಘಾತದ ಕಥೆ, ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕಂಡ ಹಾಗೆ ಹೇಳುತ್ತೇನೆ ಎಂದರು. ಹೇಳಿದರು. ಮೂರು ಮಾತಿನ ಮನುಷ್ಯನ ಬಾಯಿಂದ ಮಾತು ನಲ್ಲಿ ತಿರುಗಿಸಿದ ಹಾಗೆ ಬಂತು. ಹೆಗಲ ಮೇಲೆ ಕೊಡೆಗಳ ಕಟ್ಟು ಹೊತ್ತು ಗಲ್ಲಿಯಿಂದ ಬಂದ ಕೊಡೆ ರಿಪೇರಿಯವನು, ನಿಂತಿದ್ದ ಎರಡು ವ್ಯಾನುಗಳ ನಡುವಿನ ಸಂದಿ, ಒಂದು ಸದ್ದು, ಆಮೇಲೆ ರಸ್ತೆ ತುಂಬ ಕೊಡೆಗಳು. ಒಂದು ಕೆಂಪು ಕೊಡೆ ತಾನಾಗಿಯೇ ಬಿಚ್ಚಿಕೊಂಡು ಉರುಳುತ್ತಾ ಹೋಗಿ ಚರಂಡಿಯ ಅಂಚಿಗೆ ನಿಂತಿತಂತೆ. ಆ ಹೆಂಗಸಿನ ಕೈಯಲ್ಲಿ ಹಿಂಡಿ ಮುಗಿಯದ ಒಂದು ದಿಂಬಿನ ಕವರು ಇತ್ತು, ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ ಎಂದರು. ಕೈಕಾಲು ಎರಡೂ ಬಂದಿತ್ತು.

ಮುಂದಿನ ವಾರಗಳಲ್ಲೂ ಅದೇ ಅಪಘಾತ. ಒಮ್ಮೆ ಚಹಾ ಅಂಗಡಿಯವನ ಕಣ್ಣಿಂದ. ಇನ್ನೊಮ್ಮೆ ಸತ್ತ ಕೊಡೆಯವನ ಕಣ್ಣಿಂದಲೇ. ಯಾವುದೋ ಕೊಡೆಗೆ ಹಾಕಬೇಕಿದ್ದ ಸ್ಪ್ರಿಂಗ್ ಮನೆಯಲ್ಲೇ ಮರೆತು, ಅದನ್ನು ತರಲು ಅವನು ಅರ್ಧ ದಾರಿಯಿಂದ ತಿರುಗಿದ್ದನಂತೆ. ಇದು ನಿಮಗೆ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ, ಅವನ ಹೆಂಡತಿ ಅಳುತ್ತಾ ಹೇಳಿದ್ದು ಎಂದರು. ನಾನು ಹೊಗಳುವುದು ಕಡಿಮೆ. ಅವತ್ತು ಹೊಗಳಿದೆ. ಅದನ್ನು ಕೇಳಿ ಮೇಷ್ಟ್ರ ಮುಖ ಸಣ್ಣದಾದದ್ದು ಕಂಡರೂ ಸಂಕೋಚವೆಂದುಕೊಂಡೆ.

ಕ್ಲಾಸು ಮುಗಿದು ಮೆಟ್ಟಿಲಿಳಿಯುವಾಗ ಔಷಧಿ ಅಂಗಡಿಯವರು ನನ್ನನ್ನು ನಿಲ್ಲಿಸಿದರು. ಅವರೂ ನಮ್ಮ ಕ್ಲಾಸಿನವರೇ, ಆ ಅಪಘಾತವಾದ ತಿರುವಿನಲ್ಲೇ ಅವರ ಅಂಗಡಿ. ನೀವು ಹೊರಗಿನಿಂದ ಬಂದವರು, ನಿಮಗೆ ಗೊತ್ತಿಲ್ಲ ಎಂದು ಶುರು ಮಾಡಿ ಹೇಳಿದ್ದನ್ನು ಕೇಳಿ ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಆ ಕಾರು ಮೇಷ್ಟ್ರದೇ. ಸ್ಟೀರಿಂಗ್ ಹಿಡಿದು ಕಲಿಯುತ್ತಿದ್ದವರು ಅವರ ಹೆಂಡತಿ. ಪಕ್ಕದಲ್ಲಿ ಕೂತು ಕಲಿಸುತ್ತಿದ್ದವರು ಮೇಷ್ಟ್ರು. ಕೊಡೆಯವನು ದಿಢೀರನೆ ವ್ಯಾನುಗಳ ನಡುವಿನಿಂದ ಬಂದ, ಹೆಂಡತಿ ಗಾಬರಿಯಲ್ಲಿ ಬ್ರೇಕ್ ತುಳಿಯಲಿಲ್ಲ, ಮೇಷ್ಟ್ರು ತಮ್ಮ ಬ್ರೇಕ್ ತುಳಿದರೂ ಕಾರು ನಿಲ್ಲಲಿಲ್ಲ, ಯಾರ ತಪ್ಪೂ ಅಲ್ಲ ಎಂದು ಕೇಸು ಮುಗಿಯಿತಂತೆ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ದಂಗುಬಡಿಸಿದ್ದು ಅವರು ಆಮೇಲೆ ಹೇಳಿದ್ದು. ಆ ದಿನದವರೆಗೆ ಮೇಷ್ಟ್ರಂಥ ಮಾತುಗಾರ ಊರಲ್ಲೇ ಇರಲಿಲ್ಲವಂತೆ. ಲೈಸೆನ್ಸ್ ಸಿಕ್ಕವರೂ ಕಥೆ ಕೇಳಲೆಂದೇ ಮತ್ತೆ ಕ್ಲಾಸಿಗೆ ಸೇರುತ್ತಿದ್ದರಂತೆ. ಕೈ, ಕಾಲು, ಕತ್ತು ಎಲ್ಲ ಆಡಿಸಿ ಕಾರಿನೊಳಗೇ ನಾಟಕ ಮಾಡಿ ತೋರಿಸುತ್ತಿದ್ದರಂತೆ. ಕಲಿಯುವವರು ಹೊಟ್ಟೆ ಹಿಡಿದುಕೊಂಡು ನಗುತ್ತಾ ಗೇರು ಬದಲಿಸುವುದನ್ನೇ ಮರೆಯುತ್ತಿದ್ದರಂತೆ. ಅವತ್ತು ಬಾಯಿಗೆ ಬಿದ್ದ ಬೀಗ ಮೊನ್ನೆ ನಿಮ್ಮ ಕ್ಲಾಸಿನಲ್ಲೇ ತೆಗೆದದ್ದು ಟೀಚರ್ ಎಂದರು.

ಹಾಗೆ ಕೇಳಿದ ಮೇಲೆ ಸುಮ್ಮನಿರುವ ಜಾತಿಯವಳಲ್ಲ ನಾನು. ತಂಗಿಯ ಮೊಮ್ಮಗಳಿಗೆ ಫ್ರಾಕು ಹೊಲಿಸುವ ನೆಪ ಮಾಡಿಕೊಂಡು ಬಟ್ಟೆ ತೆಗೆದುಕೊಂಡು ಕೈಹೊಲಿಗೆ ಅಕ್ಕನ ಮನೆಗೆ ಹೋದೆ. ಅವರು ಕಿಟಕಿಯ ಪಕ್ಕ ಕೂತಿದ್ದರು. ಬಟ್ಟೆ ಮೂಗಿಗೆ ತಾಗುವಷ್ಟು ಹತ್ತಿರ, ಸೂಜಿ ಕಣ್ಣಿಗೆ ಚುಚ್ಚೀತೋ ಎನ್ನುವಷ್ಟು ಹತ್ತಿರ. ಕೋಣೆಯ ಮೂಲೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಮಿಷಿನ್ ಇತ್ತು. ಅದರ ಮೇಲೊಂದು ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಗಿಡದ ಕುಂಡ ಇಟ್ಟಿದ್ದರು. ಕಣ್ಣಿನ ಡಾಕ್ಟರು ಕೈಹೊಲಿಗೆ ಬಿಡಿ, ದೊಡ್ಡ ದೀಪ ಹಾಕಿಕೊಂಡು ಮಿಷಿನ್ನಿನಲ್ಲಿ ಹೊಲಿಯಿರಿ, ಇಲ್ಲದಿದ್ದರೆ ಇರುವ ದೃಷ್ಟಿಯೂ ಉಳಿಯುವುದಿಲ್ಲ ಎಂದಿದ್ದಾರಂತೆ. ಮತ್ತೇಕೆ ಹಟ, ಆ ಕುಂಡ ಎತ್ತಿ ಹೊರಗಿಡಿ ಎಂದು ನಾನು ಸ್ಕೂಲಿನಲ್ಲಿ ಗದರಿಸುವ ಹಾಗೆ ಗದರಿದೆ.

ಅವರು ಸೂಜಿಯಿಂದ ತಲೆ ಎತ್ತಲಿಲ್ಲ.

“ಮಿಷಿನ್ ತುಳೀಬೇಕಲ್ಲ ಟೀಚರ್. ಈ ಕಾಲು ತುಳೀಬೇಕಾದಾಗ ತುಳೀಲಿಲ್ಲ, ಒಬ್ಬ ಮನುಷ್ಯ ಹೋಗ್ಬಿಟ್ಟ. ಅವತ್ತು ತುಳೀದ ಕಾಲು ಇನ್ನು ಏನನ್ನೂ ತುಳಿಯೋದು ಬೇಡ.”

ತರಕಾರಿ ಬೆಲೆ ಹೇಳುವ ದನಿಯಲ್ಲಿ ಹೇಳಿದರು. ಕೈಯಲ್ಲಿದ್ದದ್ದು ಒಂದು ಮಗುವಿನ ಅಂಗಿ. ಯಾರಿಗೆ ಎಂದು ಕೇಳಿದೆ. ಕೊಡೆಯವನ ಮೊಮ್ಮಗಳಿಗಂತೆ. ಅವನು ಸತ್ತಾಗ ಮಗಳು ಇನ್ನೂ ಸ್ಕೂಲಿಗೆ ಹೋಗುತ್ತಿದ್ದಳು. ಆವತ್ತಿನಿಂದ ಆ ಹುಡುಗಿಯ ಯೂನಿಫಾರಂ, ಆಮೇಲೆ ಕೆಲಸಕ್ಕೆ ಹಾಕಿಕೊಂಡು ಹೋಗುವ ಬಟ್ಟೆ, ಈಗ ಅವಳ ಮಗುವಿನ ಬಟ್ಟೆ, ಎಲ್ಲ ಇವರ ಬೆರಳಿನಲ್ಲೇ ಹೊಲಿದದ್ದು. ಕೊಡೆಯವನ ಹೆಂಡತಿ ಬೇಡವೆನ್ನದೆ ತೆಗೆದುಕೊಳ್ಳುತ್ತಾಳೆ, ಆದರೆ ಒಳಗೆ ಕರೆಯುವುದಿಲ್ಲ. ಊರಿಗೆಲ್ಲ ತೋಳು ಚಾಚಿ ತೋರಿಸಿ ನಾನು ಕಲೆ ಎಂದು ಮೆರೆಸಿದ್ದು ಇದನ್ನು. ಫ್ರಾಕಿನ ಬಟ್ಟೆ ಚೀಲದಿಂದ ತೆಗೆಯದೆಯೇ ವಾಪಸ್ಸು ಬಂದೆ.

ದಾರಿಯಲ್ಲಿ ಎಲ್ಲ ಅರ್ಥವಾಯಿತೆಂದುಕೊಂಡೆ. ಮೇಷ್ಟ್ರು ಹೆಂಡತಿಗೆ ಹೇಳಬೇಕೆಂದಿರುವುದು, ತಪ್ಪು ನಿನ್ನದಲ್ಲ, ಮರೆತುಬಿಡು ಎಂಬ ಮಾತು. ಬರೀ ಸಮಾಧಾನ ಎಂದು ಆಕೆ ಎದ್ದು ಹೋಗುತ್ತಿದ್ದಾರೆ. ಅದನ್ನೇ ಕಥೆ ಮಾಡಿ ಹೇಳಿದರೆ ಕೂತು ಕೇಳಿಯಾರು, ಮಿಷಿನ್ ಮೇಲಿನ ಕುಂಡ ಇಳಿದೀತು, ಕಣ್ಣು ಉಳಿದೀತು. ಕಥೆ ಕಲಿಸಿ ಕೂದಲು ಬೆಳ್ಳಗಾದವಳಿಗೆ ಇಷ್ಟೂ ಹೊಳೆಯದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಕೊನೆಯ ಕ್ಲಾಸಿಗೆ ಮನೆಯವರನ್ನೂ ಕರೆಯೋಣ ಎಂದವರು ಮೇಷ್ಟ್ರೇ. ಅಲ್ಲಾದರೆ ಹತ್ತು ಜನರ ಮುಂದೆ ಎದ್ದು ಹೋಗುವುದಿಲ್ಲ ಎಂದು ಅವರ ಲೆಕ್ಕಾಚಾರ. ಕೆಳಗಿನಿಂದ ಕುರ್ಚಿ ತರಿಸಿ ಹಾಕಿಸಿದೆವು. ಕೈಹೊಲಿಗೆ ಅಕ್ಕ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು. ಗಂಡನಿಗೆ ಕಥೆ ಹೇಳುವ ಹುಚ್ಚು ಮತ್ತೆ ಹಿಡಿಯಿತಲ್ಲ, ಅಷ್ಟಾದರೂ ಆಯಿತು ಎಂದು ಪಕ್ಕದವರ ಹತ್ತಿರ ಅಂದದ್ದು ನನಗೆ ಕೇಳಿಸಿತು. ಯಾವ ಕಥೆ ಎಂದು ಅವರಿಗೆ ಗೊತ್ತಿರಲಿಲ್ಲ.

ಮೇಷ್ಟ್ರು ನಿಂತು ಹೇಳಲಿಲ್ಲ. ಒಂದು ಕುರ್ಚಿ ಎಳೆದು ಹೆಂಡತಿಗೆ ಎದುರಾಗಿ ಕೂತರು. ಈ ಸಲ ಕಾರಿನೊಳಗಿನಿಂದ ಹೇಳುತ್ತೇನೆ ಎಂದರು. ಅದನ್ನು ಕೇಳಿದ್ದೇ ತಡ, ಅಕ್ಕನ ಕೈ ಚೀಲದ ಹಿಡಿಯನ್ನು ಗಟ್ಟಿಯಾಗಿ ಹಿಡಿಯಿತು. ಎದ್ದೇಬಿಡುತ್ತಾರೆಂದುಕೊಂಡೆ. ಏಳಲಿಲ್ಲ. ಮೇಷ್ಟ್ರು ಹೇಳುತ್ತಾ ಹೋದರು. ಹೆಂಡತಿ ಚಪ್ಪಲಿ ಕಳಚಿ ಬರಿಗಾಲಲ್ಲಿ ಕೂತಿದ್ದಳು, ಬರಿಗಾಲಾದರೆ ಬ್ರೇಕು ಚೆನ್ನಾಗಿ ತಿಳಿಯುತ್ತದೆ ಎನ್ನುತ್ತಿದ್ದಳು. ಎರಡು ಕೈಯೂ ಸ್ಟೀರಿಂಗ್ ಮೇಲಿದ್ದವು. ಅವಳ ಬೆರಳಲ್ಲಿ ಸೂಜಿ ಚುಚ್ಚಿದ ಗಾಯಕ್ಕೆ ಪಟ್ಟಿ ಇತ್ತು. ಬಲಗಾಲು ಹೀಗಿತ್ತು, ಎಡಗಾಲು ಹಾಗಿತ್ತು. ಔಷಧಿ ಅಂಗಡಿ ದಾಟಿತು, ವ್ಯಾನುಗಳು ಬಂದವು, ಸಂದಿಯಲ್ಲಿ ಮೊದಲು ಕೊಡೆಯ ತುದಿ ಕಾಣಿಸಿತು. ಅಲ್ಲಿಗೆ ನಿಲ್ಲಿಸಿ ನೆಲ ನೋಡಿದರು.

ನಾನು ಸುಮ್ಮನಿರಬೇಕಿತ್ತು. ಆದರೆ ಅಭ್ಯಾಸಬಲ ನೋಡಿ. ಕಥೆಯಲ್ಲಿ ಒಬ್ಬರ ಕೈಕಾಲು ಬಿಟ್ಟುಹೋಗಿದೆ ಎಂದು ಕಿವಿಗೆ ಬಿದ್ದ ಕೂಡಲೇ ಬಾಯಿ ತಾನಾಗಿ ತೆರೆಯಿತು.

“ಮೇಷ್ಟ್ರೇ, ಪಕ್ಕದಲ್ಲಿ ಕೂತಿದ್ದವರ ಕಾಲು ಎಲ್ಲಿತ್ತು?”

ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ಹೆಂಡತಿಯನ್ನೇ ನೋಡುತ್ತಾ ಅಂದರು.

“ಗಾಳೀಲಿತ್ತು. ಎರಡೂ.”

ಆಮೇಲೆ ಹೇಳಿದರು. ಅವತ್ತು ತಮ್ಮ ಸೋದರಮಾವ ಸೈಕಲ್ ಕಲಿತ ಕಥೆ ಹೇಳುತ್ತಿದ್ದರಂತೆ. ಹತ್ತುವುದು, ತುಳಿಯುವುದು, ತಿರುಗಿಸುವುದು ಎಲ್ಲ ಕಲಿಸಿದವರು ಇಳಿಯುವುದನ್ನು ಕಲಿಸಿರಲಿಲ್ಲ. ಮಾವ ಮೈದಾನದಲ್ಲಿ ಸಂಜೆಯವರೆಗೂ ಸುತ್ತಿದ್ದೇ ಸುತ್ತಿದ್ದು, ಅತ್ತೆ ತಿಂಡಿಯ ತಟ್ಟೆ ಹಿಡಿದು ಪಕ್ಕದಲ್ಲೇ ಓಡಿ ಬಾಯಿಗೆ ತುತ್ತು ಹಾಕಿದ್ದು. ಮಾವ ಹೇಗೆ ತುಳಿಯುತ್ತಿದ್ದ ಎಂದು ತೋರಿಸಲು ಮೇಷ್ಟ್ರು ಎರಡೂ ಕಾಲನ್ನು ಮೇಲೆತ್ತಿ ಗಾಳಿಯಲ್ಲಿ ತುಳಿಯುತ್ತಿದ್ದರು. ಹೇಳುತ್ತಾ ಹೇಳುತ್ತಾ, ಕೂತ ಕುರ್ಚಿಯಲ್ಲೇ ಕಾಲು ಎತ್ತಿ ಎರಡು ಸುತ್ತು ತುಳಿದು ತೋರಿಸಿದರು. ಖಾಕಿ ಪ್ಯಾಂಟಿನ ಆ ಮುದಿ ಕಾಲುಗಳು ಗಾಳಿಯಲ್ಲಿ ತಿರುಗಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ.

“ಕಲಿಯೋರು ತುಳೀದೆ ಇದ್ದಾಗ ತುಳೀಲಿ ಅಂತಾನೇ ನನಗೊಂದು ಬ್ರೇಕ್ ಇರೋದು. ನಾನು ತುಳೀಲಿಲ್ಲ. ಪೊಲೀಸರಿಗೆ ತುಳಿದೆ ಅಂದೆ. ರಸ್ತೆ ನೋಡ್ತಿದ್ದ ನಿನಗೂ ಹಾಗೇ ಅಂದೆ.”

ಸಮಾಧಾನದ ಮಾತು ಎಂದು ನಾನು ಅಂದುಕೊಂಡಿದ್ದು ಏನು, ಇದೇನು. ಈ ಮನುಷ್ಯ ಇಷ್ಟು ವರ್ಷ ಮೂಲೆಯಲ್ಲಿದ್ದ ಮಿಷಿನ್ನನ್ನೂ ಅದರ ಮೇಲಿನ ಕುಂಡವನ್ನೂ ದಿನಾ ನೋಡಿಕೊಂಡೇ ಉಂಡು ಮಲಗಿದ್ದಾನೆ. ಎದ್ದು ಹೋಗಿ ಕಪಾಳಕ್ಕೆ ಬಾರಿಸಬೇಕೆನಿಸಿತು. ಅದರ ಹಿಂದೆಯೇ ಅಯ್ಯೋ ಎನಿಸಿತು. ಮಹಡಿಯ ಹೆಂಗಸಿನ ಕಣ್ಣು, ಚಹಾದವನ ಕಣ್ಣು ಎಂದು ಬೇರೆಯವರ ಬೆನ್ನ ಹಿಂದೆ ನಿಲ್ಲುವ ಜಾಗಗಳನ್ನೆಲ್ಲ ಇವರಿಗೆ ತೋರಿಸಿಕೊಟ್ಟವಳು ನಾನೇ. ಪಾಪ, ಒಂದೊಂದರಿಂದಲೂ ಹೊರಬಂದು ಕೊನೆಗೆ ತಮ್ಮ ಸೀಟಿಗೆ ಬಂದು ಕೂತಿದ್ದರು.

ಅಕ್ಕ ಅಳಲಿಲ್ಲ. ಗಂಡನ ಮುಖ ನೋಡಿದರು, ಆಮೇಲೆ ಅವರ ಪಾದ ನೋಡಿದರು. ಆಮೇಲೆ ಕೇಳಿದ ಪ್ರಶ್ನೆಯನ್ನು ಅಲ್ಲಿದ್ದ ಯಾರೂ ಊಹಿಸಿರಲಿಲ್ಲ.

“ಕಥೆ ಚೆನ್ನಾಗಿತ್ತಾ?”

ಮೇಷ್ಟ್ರು ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

“ನೀನು ನಗ್ತಿದ್ದೆ.”

ಅಕ್ಕ ಬಲಗಾಲನ್ನು ಚಪ್ಪಲಿಯಿಂದ ಹೊರತೆಗೆದು ಮುಂದೆ ಚಾಚಿದರು. ಯಾರೋ ಕೇಳಿ ಒಯ್ದ ಪಾತ್ರೆ ಎಷ್ಟೋ ವರ್ಷದ ಮೇಲೆ ಮನೆಗೆ ಬಂದರೆ ತಿರುಗಿಸಿ ಮುರುಗಿಸಿ ನೋಡುತ್ತೇವಲ್ಲ, ಹಾಗೆ ನೋಡಿದರು. ಹೆಬ್ಬೆರಳನ್ನು ಒಮ್ಮೆ ಮಡಿಸಿ ಬಿಡಿಸಿದರು. ಮತ್ತೆ ಚಪ್ಪಲಿ ಹಾಕಿಕೊಂಡು ಎದ್ದರು. ಇನ್ನು ಮನೆಗೆ ಹೊರಟರು, ಮೇಷ್ಟ್ರು ಹೆದರಿದ ಹಾಗೆಯೇ ಆಯಿತು ಎಂದುಕೊಂಡೆ.

“ನನಗೆ ಹೇಳಿದ್ರೆ ಮುಗೀತಾ? ಆ ಮನೇಲಿ ಇನ್ನೊಬ್ಬಳು ಕೂತಿದ್ದಾಳಲ್ಲ. ನಡೀರಿ.”

ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಹೇಳಿ ಎಂದು ಜೀವಮಾನವಿಡೀ ಕಲಿಸಿದ್ದೆ. ಆ ಒಬ್ಬರು ಯಾರು ಎಂದು ಮೇಷ್ಟ್ರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಮೇಷ್ಟ್ರು ಕುರ್ಚಿಯ ತೋಳು ಹಿಡಿದು ಎದ್ದರು. ಜೇಬಿನಿಂದ ಕಾರಿನ ಬೀಗದ ಕೈ ತೆಗೆದದ್ದನ್ನು ಅಕ್ಕ ನೋಡಿದ ರೀತಿಗೆ ಮತ್ತೆ ಒಳಗಿಟ್ಟರು. ಕಿಟಕಿಯಿಂದ ಬಗ್ಗಿ ನೋಡಿದೆ. ಅಕ್ಕ ಮುಂದೆ, ಮೇಷ್ಟ್ರು ನಾಲ್ಕು ಹೆಜ್ಜೆ ಹಿಂದೆ, ಕೊಡೆಯವನ ಬೀದಿಯ ಕಡೆ ನಡೆದು ಹೋಗುತ್ತಿದ್ದರು. ಡ್ರೈವಿಂಗ್ ಸ್ಕೂಲಿನ ಕಾರು ಲೈಬ್ರರಿಯ ಬಾಗಿಲಲ್ಲೇ ನಿಂತಿತ್ತು.

ಆ ಮನೆಯಲ್ಲಿ ಏನಾಯಿತೆಂದು ಔಷಧಿ ಅಂಗಡಿಯವರಿಗೆ ಮಾತ್ರ ಅಲ್ಪಸ್ವಲ್ಪ ಗೊತ್ತು. ಕೊಡೆಯವನ ಹೆಂಡತಿ ಹೊಸ್ತಿಲಲ್ಲೇ ನಿಲ್ಲಿಸಿ ಪೂರ್ತಿ ಕೇಳಿದಳಂತೆ. ಕೇಳಿದ ಮೇಲೆ ಮೇಷ್ಟ್ರ ಮುಖಕ್ಕೆ ಬಾಗಿಲು ಹಾಕಿಕೊಂಡಳಂತೆ. ಹಾಕುವ ಮೊದಲು ಅಕ್ಕನ ಕೈ ಹಿಡಿದು ಒಳಗೆ ಎಳೆದುಕೊಂಡಳಂತೆ. ಮೇಷ್ಟ್ರು ಒಬ್ಬರೇ ಅಲ್ಲಿಂದ ಪೊಲೀಸ್ ಠಾಣೆಗೆ ಹೋಗಿ ಹೇಳಿದರು. ಹಳೆಯ ಕೇಸು ಮತ್ತೆ ತೆಗೆಯುತ್ತಾರೋ ಬಿಡುತ್ತಾರೋ ಇನ್ನೂ ಗೊತ್ತಿಲ್ಲ. ಡ್ರೈವಿಂಗ್ ಸ್ಕೂಲಿನ ಬೋರ್ಡನ್ನು ಅವರೇ ಇಳಿಸಿದರು.

ಫ್ರಾಕಿನ ಬಟ್ಟೆ ಹಿಡಿದು ನಾನು ಮತ್ತೆ ಅಕ್ಕನ ಮನೆಗೆ ಹೋದದ್ದು ಮೊನ್ನೆ. ಬೀದಿಯಲ್ಲಿರುವಾಗಲೇ ಮಿಷಿನ್ನಿನ ಸದ್ದು ಕೇಳಿ ಹೆಜ್ಜೆ ಚುರುಕು ಮಾಡಿದೆ. ಕುಂಡ ಹೊರಗಿನ ಕಟ್ಟೆಯ ಮೇಲಿತ್ತು, ಅದರ ಪಕ್ಕ ಮೇಷ್ಟ್ರು ಕೂತು ಬಟಾಣಿ ಸುಲಿಯುತ್ತಿದ್ದರು. ನನ್ನನ್ನು ಕಂಡು ತಲೆಯಾಡಿಸಿದರು ಅಷ್ಟೇ. ಒಳಗೆ ಅಕ್ಕ ದೊಡ್ಡ ದೀಪದ ಕೆಳಗೆ ಹೊಲಿಯುತ್ತಿದ್ದರು. ಅಭ್ಯಾಸ ತಪ್ಪಿ ಹೊಲಿಗೆ ಅಂಕುಡೊಂಕಾಗುತ್ತಿತ್ತು, ನಿಲ್ಲಿಸಿ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಕಾಲು ನೋಯುತ್ತಿದೆ ಎಂದರು, ಅದೂ ಒಂಥರಾ ಹೆಮ್ಮೆಯಿಂದ.

ಗಂಡನ ಹತ್ತಿರ ಮಾತಾಡುತ್ತಿದ್ದೀರಾ ಎಂದು ಮೆಲ್ಲಗೆ ಕೇಳಿದೆ. ಊಟಕ್ಕೆ ಬನ್ನಿ, ಬಾಗಿಲು ಹಾಕಿ, ದೀಪ ಆರಿಸಿ, ಅಷ್ಟು ಮಾತಾಡುತ್ತೇನೆ ಎಂದರು. ಈಗ ಮೂರು ಮಾತು ನನ್ನ ಸರದಿ ಟೀಚರ್ ಎಂದು ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. ದಾರ ಕತ್ತರಿಸಿ, ಹೊರಗಿನ ಕಟ್ಟೆಯ ಕಡೆ ಒಮ್ಮೆ ನೋಡಿದರು.

“ಆ ಮಾವ ಸೈಕಲ್ಲಿಂದ ಇಳಿದಿದ್ದು ಹೇಗೆ ಅಂತ ಅವತ್ತು ಕಾರಲ್ಲೂ ಹೇಳ್ಲಿಲ್ಲ, ನಿಮ್ಮ ಕ್ಲಾಸಲ್ಲೂ ಹೇಳ್ಲಿಲ್ಲ. ನಾನೂ ಕೇಳಿಲ್ಲ.”

ಹಾಗೆಂದು ಬಲಗಾಲನ್ನು ಮತ್ತೆ ಮಿಷಿನ್ನಿನ ಮೇಲಿಟ್ಟು ತುಳಿಯತೊಡಗಿದರು. ಹೊರಗೆ ಕಟ್ಟೆಯ ಮೇಲೆ ಬಟಾಣಿ ಸುಲಿಯುವುದು ನಿಂತಿತ್ತು.